ಖಡಕ್ ರೊಟ್ಟಿಗೆ ಎಷ್ಟು ಹ್ಯಾಶ್‌ಟ್ಯಾಗ್ ಬೇಕು? ಕಲಬುರಗಿ, ಬೀದರ್, ಯಾದಗಿರಿಯ ಸಣ್ಣ ವ್ಯಾಪಾರಿಗಳಿಗೊಂದು ಮಾರ್ಗದರ್ಶಿ

ಕಲಬುರಗಿಯಲ್ಲಿ ಮನೆಯಲ್ಲೇ ಖಡಕ್ ರೊಟ್ಟಿ ಬಡಿದು ಮಾರುವ ಅಕ್ಕಂದಿರು ಈಗ ಇನ್‌ಸ್ಟಾಗ್ರಾಂನಲ್ಲೂ ಇದ್ದಾರೆ. ಅಂಥ ಪೋಸ್ಟ್‌ಗಳನ್ನು ಒಮ್ಮೆ ಸುಮ್ನೆ ನೋಡುತ್ತಾ ಹೋಗಿ. ಫೋಟೊ ಚೆನ್ನಾಗಿರುತ್ತದೆ. ತೆಳ್ಳಗಿನ, ಅಂಚು ಮುರಿಯದ ರೊಟ್ಟಿ, ಪಕ್ಕದಲ್ಲಿ ಶೇಂಗಾ ಹಿಂಡಿ, ಒಂದು ಹಸಿ ಉಳ್ಳಾಗಡ್ಡಿ. ಕೆಳಗೆ ಮಾತ್ರ ಹ್ಯಾಶ್‌ಟ್ಯಾಗ್‌ಗಳ ರಾಶಿ: #ಲವ್, #ಫುಡ್, #ವೈರಲ್, #ಟ್ರೆಂಡಿಂಗ್, #ಫಾಲೋಮಿ, ಇನ್ನೂ ಏನೇನೋ. ಅದರಲ್ಲಿ ರೊಟ್ಟಿ ಅನ್ನುವ ಪದ ಹುಡುಕಿದರೂ ಸಿಗುವುದಿಲ್ಲ. ಕಲಬುರಗಿ ಹೆಸರೂ ಇಲ್ಲ. ಬೆಲೆ ಎಷ್ಟು, ಆರ್ಡರ್ ಮಾಡೋದು ಹೇಗೆ ಅನ್ನುವುದೂ ಇಲ್ಲ.

ಈ ರೊಟ್ಟಿ ಕೊಳ್ಳುವವರು ಯಾರು? ಬೆಂಗಳೂರು, ಪುಣೆ, ಹೈದರಾಬಾದ್ ಅಂತ ಕೆಲಸಕ್ಕೆ ಹೋದ ನಮ್ಮದೇ ಮಂದಿ. ಊರ ರೊಟ್ಟಿ ನೆನಪಾಗಿ ಫೋನ್ ತೆಗೆದವರು #ಲವ್ ಅಂತ ಹುಡುಕುತ್ತಾರಾ? ಇಲ್ಲ ಅಲ್ವಾ. ಇಡೀ ಜಗತ್ತೇ ಬಳಸುವ ಅಂಥ ಟ್ಯಾಗ್ ಹಾಕುವುದೆಂದರೆ ಶರಣಬಸವೇಶ್ವರ ಜಾತ್ರೆಯಲ್ಲಿ ತೇರು ಎಳೆಯುವ ಹೊತ್ತಿಗೆ ಗೆಳೆಯನ ಹೆಸರು ಕೂಗಿದ ಹಾಗೆ. ಕೂಗಿದ್ದು ನಿಮಗೇ ಕೇಳಿಸುವುದಿಲ್ಲ.

ಹ್ಯಾಶ್‌ಟ್ಯಾಗ್ ಹುಟ್ಟಿದ್ದು ಒಂದೇ ವಿಷಯದ ಮಾತುಗಳನ್ನು ಒಂದು ಕಡೆ ಸೇರಿಸೋದಕ್ಕೆ. 2007ರ ಆಗಸ್ಟ್ 23ರಂದು ಕ್ರಿಸ್ ಮೆಸ್ಸಿನಾ ಎಂಬಾತ ಟ್ವಿಟರ್‌ನಲ್ಲಿ, ಗುಂಪುಗಳಿಗೆ # ಚಿಹ್ನೆ ಬಳಸಿದರೆ ಹೇಗೆ ಅಂತ ಕೇಳಿದ. ತಂತ್ರಜ್ಞರ ಒಂದು ಕೂಟದ ಹೆಸರು ಹಿಡಿದು ಅವನು ಕೊಟ್ಟ ಉದಾಹರಣೆ #ಬಾರ್‌ಕ್ಯಾಂಪ್. 2009ರಲ್ಲಿ ಟ್ವಿಟರ್ ಅದನ್ನು ಒತ್ತಿದರೆ ತೆರೆಯುವ ಲಿಂಕ್ ಮಾಡಿತು. 2011ರಲ್ಲಿ ಇನ್‌ಸ್ಟಾಗ್ರಾಂಗೂ 2013ರಲ್ಲಿ ಫೇಸ್‌ಬುಕ್‌ಗೂ ಬಂತು. ಟ್ಯಾಗ್ ಹಾಕಿದರೆ ವ್ಯೂಸ್ ತಾವಾಗಿಯೇ ಏರುತ್ತವೆ ಅನ್ನುವ ನಂಬಿಕೆ ಆಮೇಲೆ ಬೆಳೆದದ್ದು. ಇನ್‌ಸ್ಟಾಗ್ರಾಂ ಮುಖ್ಯಸ್ಥ ಆ್ಯಡಮ್ ಮೊಸ್ಸೇರಿಯೇ ಹ್ಯಾಶ್‌ಟ್ಯಾಗ್‌ನಿಂದ ರೀಚ್, ಅಂದರೆ ಪೋಸ್ಟ್ ತಲುಪುವ ಮಂದಿ, ಅಷ್ಟೇನೂ ಹೆಚ್ಚುವುದಿಲ್ಲ ಅಂತ ಹಲವು ಸಲ ಹೇಳಿದ್ದಾರೆ. ಪೋಸ್ಟ್ ಯಾವುದರ ಬಗ್ಗೆ ಇದೆ ಅಂತ ತಿಳಿಸೋದಕ್ಕೆ, ಹುಡುಕುವವರಿಗೆ ಸಿಗೋದಕ್ಕೆ ಅದು ಬೇಕು. ಸಣ್ಣ ವ್ಯಾಪಾರಕ್ಕೆ ಅಷ್ಟು ಸಾಕು. ನಮಗೆ ಬೇಕಾಗಿರೋದು ಹತ್ತು ಲಕ್ಷ ವ್ಯೂಸ್ ಅಲ್ಲ, ಹತ್ತು ಆರ್ಡರ್.

ಮೊದಲ ಹೆಜ್ಜೆ: ಯಾರು ಹುಡುಕುತ್ತಾರೆ, ಬರೆದುಕೊಳ್ಳಿ

ಫೋನ್ ಪಕ್ಕಕ್ಕಿಟ್ಟು ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ವಸ್ತು ಬೇಕಾದವರು ಹುಡುಕುವ ಡಬ್ಬಿಯಲ್ಲಿ ಯಾವ ಪದ ಟೈಪ್ ಮಾಡುತ್ತಾರೆ, ಅದನ್ನು ಬರೆಯಿರಿ. ನೀವು ಏನು ಕರೆಯುತ್ತೀರಿ ಅನ್ನುವುದು ಆಮೇಲೆ. ಗಿರಾಕಿಗಳನ್ನೇ ಕೇಳಿದರೆ ಇನ್ನೂ ಒಳ್ಳೆಯದು: "ಅಕ್ಕಾ, ನಮ್ಮ ಪೇಜ್ ನಿಮಗೆ ಹೇಗೆ ಸಿಕ್ತು? ಏನಂತ ಹುಡುಕಿದ್ರಿ?" ಉತ್ತರ ಕೇಳಿ ಎಷ್ಟೋ ಸಲ ಆಶ್ಚರ್ಯ ಆಗುತ್ತದೆ. ನೀವು "ಖಡಕ್ ರೊಟ್ಟಿ" ಅಂದುಕೊಂಡಿರುತ್ತೀರಿ, ಬೆಂಗಳೂರಿನವರು "ಜೋಳದ ರೊಟ್ಟಿ" ಅಂತ ಹುಡುಕಿರುತ್ತಾರೆ, ಪುಣೆಯವರು ಮರಾಠಿಯಲ್ಲಿ "ಭಾಕರಿ" ಅಂತ.

ಹಾಳೆಯ ಮೇಲೆ ಮೂರು ಗುಂಪು ಮಾಡಿ. ವಸ್ತುವಿನ ಹೆಸರು, ಊರಿನ ಹೆಸರು, ಸಂದರ್ಭ ಅಥವಾ ಮಂದಿಯ ಹೆಸರು. ರೊಟ್ಟಿಗಾದರೆ #ಜೋಳದರೊಟ್ಟಿ, #ಕಲಬುರಗಿ, #ಉತ್ತರಕರ್ನಾಟಕಊಟ. ಪ್ರತಿ ಪೋಸ್ಟ್‌ಗೂ ಮೂರೂ ಗುಂಪಿನಿಂದ ಒಂದೊಂದು ಇದ್ದರೆ ಅಡಿಪಾಯ ಹಾಕಿದಂತಾಯಿತು. ಸಂದರ್ಭ ಇಲ್ಲದಿದ್ದರೆ ಬಿಡಿ, ವಸ್ತು ಮತ್ತು ಊರು ಮಾತ್ರ ಬಿಡಬೇಡಿ.

ಹಿತ್ತಲ ಗಿಡ ಮದ್ದಲ್ಲ ಅನ್ನುವ ಹಾಗೆ ನಮ್ಮ ಊರ ಹೆಸರನ್ನು ನಾವೇ ಬಿಟ್ಟುಬಿಡುತ್ತೇವೆ. ಬೀದರ್‌ನ ಬಿದ್ರಿ ಕುಶಲಕರ್ಮಿಗಳ ಪೋಸ್ಟ್‌ಗಳಲ್ಲೂ ಇದು ಕಾಣುತ್ತದೆ. #ಹ್ಯಾಂಡ್‌ಮೇಡ್, #ಗಿಫ್ಟ್, #ಹೋಂಡೆಕೋರ್ ಇರುತ್ತವೆ. ಸತು, ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಬರಿಸುವ ಕೆಲಸ ಬೇರೆಲ್ಲಿದೆ? ಊರಿನ ಹೆಸರೇ ಕಲೆಯ ಹೆಸರಾಗಿದೆ. 2023ರಲ್ಲಿ ಬೀದರ್‌ನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಅಂಥ ಸುದ್ದಿ ಓದಿದವರು ಆಮೇಲೆ ಹುಡುಕುವುದು ಬಿದ್ರಿ ಅಂತಲೇ, ಹೋಂಡೆಕೋರ್ ಅಂತಲ್ಲ.

ಎರಡನೇ ಹೆಜ್ಜೆ: ಊರ ಹೆಸರಿನ ಸ್ಪೆಲಿಂಗ್ ನೋಡಿ

ನಮ್ಮ ಭಾಗದವರಿಗೆ ನಿಜವಾದ ತಲೆನೋವು ಇಲ್ಲಿದೆ. ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿ ಆದದ್ದು 2014ರ ನವೆಂಬರ್ 1ರಂದು. ಆದರೆ ವಿಶ್ವವಿದ್ಯಾಲಯ ಇನ್ನೂ ಗುಲ್ಬರ್ಗಾ ವಿಶ್ವವಿದ್ಯಾಲಯವೇ. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಭೌಗೋಳಿಕ ಸೂಚಕ ಮಾನ್ಯತೆ ಬಂದಾಗಲೂ ಗುಲ್ಬರ್ಗಾ ಎಂಬ ಹೆಸರೇ ಇತ್ತು. ಹೊರಗಿದ್ದು ವರ್ಷಗಳಾದವರು ಈಗಲೂ ಗುಲ್ಬರ್ಗಾ ಅಂತಲೇ ಹುಡುಕುತ್ತಾರೆ. ಇದರ ಮೇಲೆ ಕನ್ನಡದಲ್ಲೇ ಕಲಬುರಗಿ, ಕಲಬುರ್ಗಿ, ಕಲ್ಬುರ್ಗಿ ಅಂತ ಮೂರು ಬರವಣಿಗೆ. ಇಂಗ್ಲಿಷ್ ಅಕ್ಷರದಲ್ಲಿ ಇನ್ನೂ ಜಾಸ್ತಿ. ಇವೆಲ್ಲವೂ ಬೇರೆ ಬೇರೆ ಟ್ಯಾಗ್. ಒಂದನ್ನು ಹುಡುಕಿದವರಿಗೆ ಇನ್ನೊಂದು ಸಿಗುತ್ತದೆ ಅಂತ ನಂಬಿ ಕೂರಬೇಡಿ.

ನನ್ನ ಸಲಹೆ ಇಷ್ಟು. ಕನ್ನಡದಲ್ಲಿ #ಕಲಬುರಗಿ ಒಂದೇ ಸಾಕು. ಇಂಗ್ಲಿಷ್ ಅಕ್ಷರದಲ್ಲಿ ಹೊಸ ಹೆಸರು ಒಂದು. ತಿನ್ನುವ ವಸ್ತು, ತೊಗರಿ, ಹಳೆಯ ಕಟ್ಟಡ, ಊರ ನೆನಪು ಇಂಥ ಪೋಸ್ಟ್ ಆದರೆ ಹಳೆಯ ಹೆಸರನ್ನೂ ಸೇರಿಸಿ. ಈ ಊರಿನಲ್ಲೇ ಇರುವವರಿಗೆ ಮಾರುವ ಕೋಚಿಂಗ್ ಕ್ಲಾಸ್, ಟೇಲರಿಂಗ್, ಪಿಜಿ ಇಂಥದ್ದಕ್ಕೆ ಹಳೆಯ ಹೆಸರು ಬೇಕಿಲ್ಲ.

ಯಾದಗಿರಿ ಜಿಲ್ಲೆಯಲ್ಲಿ ಸುರಪುರಕ್ಕೂ ಇದೇ ಪಾಡು. ಹಳೆಯ ಇಂಗ್ಲಿಷ್ ದಾಖಲೆಗಳಲ್ಲಿ ಅದು ಶೋರಾಪುರ. ಅಲ್ಲಿನ ಬ್ರಿಟಿಷ್ ಕಾಲದ ಬಂಗಲೆ ಟೇಲರ್ ಮಂಜಿಲ್ ನೋಡಲು ಬರುವ ಇತಿಹಾಸದ ಆಸಕ್ತರು ಆ ಹೆಸರಲ್ಲಿ ಹುಡುಕುವುದುಂಟು.

ಇನ್ನು ಒಂದೇ ಹೆಸರಿನ ಹಲವು ಊರುಗಳು. ಮಲಗಿದ ಬುದ್ಧನ ಹಾಗೆ ಕಾಣುವ ಶಹಾಪುರದ ಗುಡ್ಡದ ವಿಡಿಯೊ ಮಾಡಿ ಬರೀ ಶಹಾಪುರ ಅಂತ ಇಂಗ್ಲಿಷ್ ಟ್ಯಾಗ್ ಹಾಕಿದರೆ, ಮಹಾರಾಷ್ಟ್ರದ ಠಾಣೆ ಜಿಲ್ಲೆಯ ಶಹಾಪುರದ ಪೋಸ್ಟ್‌ಗಳ ಮಧ್ಯೆ ಅದು ಕಳೆದುಹೋಗುತ್ತದೆ. ಚಿತ್ತಾಪುರ ತಾಲೂಕಿನ ವಾಡಿ ಜಂಕ್ಷನ್‌ನಲ್ಲಿ ಅಂಗಡಿ ಇಟ್ಟವರು ಇಂಗ್ಲಿಷ್‌ನಲ್ಲಿ ವಾಡಿ ಅಂತ ಹಾಕಿದರೆ ಒಮಾನ್ ದೇಶದ ಕಣಿವೆಗಳ ಜೊತೆ ಸೇರುತ್ತಾರೆ. ಅರಬ್ಬಿಯಲ್ಲಿ ಕಣಿವೆಗೆ ವಾಡಿ ಅಂತಾರೆ. ಆಳಂದವಂತೂ ಇಂಗ್ಲಿಷ್ ಅಕ್ಷರಕ್ಕೆ ಇಳಿದರೆ ಫಿನ್ಲೆಂಡಿನ ಒಂದು ದ್ವೀಪಸಮೂಹದ ಹೆಸರಿನ ಹಾಗೆಯೇ ಕಾಣುತ್ತದೆ. ಇಂಥ ಊರುಗಳಿಗೆ ಒಂದೇ ಪರಿಹಾರ: ಊರಿನ ಜೊತೆ ಜಿಲ್ಲೆಯನ್ನೂ ಹಾಕಿ, ಅಥವಾ ಕನ್ನಡ ಲಿಪಿಯಲ್ಲಿ ಬರೆಯಿರಿ. #ಶಹಾಪುರ ಅಂತ ಕನ್ನಡದಲ್ಲಿ ಬರೆದರೆ ಠಾಣೆಯವರು ಅಡ್ಡ ಬರುವುದಿಲ್ಲ.

ಮೂರನೇ ಹೆಜ್ಜೆ: ಕನ್ನಡ ಟ್ಯಾಗ್ ಸರಿಯಾಗಿ ಟೈಪ್ ಮಾಡಿ

ಕನ್ನಡದಲ್ಲಿ ಹ್ಯಾಶ್‌ಟ್ಯಾಗ್ ಕೆಲಸ ಮಾಡುವುದಿಲ್ಲ ಅಂತ ಕೆಲವರು ಹೇಳುತ್ತಾರೆ. ಮಾಡುತ್ತದೆ. ಟೈಪ್ ಮಾಡುವಾಗ ಮೂರು ನಾಲ್ಕು ಕಡೆ ಎಡವುತ್ತೇವೆ ಅಷ್ಟೆ.

ಒಂದು, ವಿಭಕ್ತಿ. "ನಾಳೆ #ಕಲಬುರಗಿಯಲ್ಲಿ ನಮ್ಮ ಸ್ಟಾಲ್ ಇದೆ" ಅಂತ ವಾಕ್ಯದ ಮಧ್ಯೆ ಬರೆದರೆ, ಟ್ಯಾಗ್ #ಕಲಬುರಗಿ ಆಗುವುದಿಲ್ಲ. #ಕಲಬುರಗಿಯಲ್ಲಿ ಅನ್ನುವ ಬೇರೆಯೇ ಟ್ಯಾಗ್ ಆಗುತ್ತದೆ. ಅದನ್ನು ಯಾರೂ ಹುಡುಕುವುದಿಲ್ಲ. ಇಂಗ್ಲಿಷ್‌ನವರಿಗೆ ಈ ಕಷ್ಟ ಇಲ್ಲ, ಅವರ ಪದಕ್ಕೆ ಬಾಲ ಅಂಟುವುದಿಲ್ಲ. ನಾವು ವಾಕ್ಯವನ್ನು ವಾಕ್ಯದ ಹಾಗೆ ಬರೆದು, ಟ್ಯಾಗ್‌ಗಳನ್ನು ಕೊನೆಯ ಸಾಲಿನಲ್ಲಿ ಬರೀ ನಾಮಪದವಾಗಿ ಇಡುವುದೇ ವಾಸಿ.

ಎರಡು, ಪದ ಸೇರಿಸುವಾಗ ಒತ್ತಕ್ಷರ ಆಗುವುದು. ಹ್ಯಾಶ್‌ಟ್ಯಾಗ್‌ನಲ್ಲಿ ಜಾಗ ಬಿಡುವಂತಿಲ್ಲ. "ಖಡಕ್ ರೊಟ್ಟಿ"ಯ ನಡುವಿನ ಜಾಗ ತೆಗೆದರೆ ಏನಾಗುತ್ತದೆ ನೋಡಿ: #ಖಡಕ್ರೊಟ್ಟಿ. ಕ ಮತ್ತು ರ ಕೂಡಿಕೊಂಡು "ಕ್ರೊ" ಆಯಿತು. ಬೀದರ್ ಕೋಟೆ ಹೋಗಿ #ಬೀದರ್ಕೋಟೆ ಆಗುತ್ತದೆ. ಓದಲೂ ಆಗದು, ಹುಡುಕಲೂ ಆಗದು. ಕೆಲವು ಕೀಬೋರ್ಡ್‌ಗಳಲ್ಲಿ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಿ ಇದನ್ನು ಬಿಡಿಸಬಹುದು. ಆದರೆ ಹುಡುಕುವವರ ಕೀಬೋರ್ಡ್‌ನಲ್ಲಿ ಅದು ಇಲ್ಲದಿದ್ದರೆ ಅವರ ಟ್ಯಾಗ್ ಬೇರೆ, ನಿಮ್ಮದು ಬೇರೆ. ಅದಕ್ಕೆ ಎರಡು ದಾರಿ. ಅಂಡರ್‌ಸ್ಕೋರ್ ಹಾಕಿ #ಖಡಕ್_ರೊಟ್ಟಿ ಅಂತ ಬರೆಯಿರಿ. ಇಲ್ಲವೇ ಸ್ವರದಿಂದ ಮುಗಿಯುವ ಪದ ಆರಿಸಿ. #ಜೋಳದರೊಟ್ಟಿ ಚೆಂದ ಸೇರುತ್ತದೆ, ಏಕೆಂದರೆ "ಜೋಳದ" ಅಕಾರದಲ್ಲಿ ಮುಗಿಯುತ್ತದೆ. ನನ್ನ ಮತ ಎರಡನೆಯದಕ್ಕೆ. ಹುಡುಕುವಾಗ ಅಂಡರ್‌ಸ್ಕೋರ್ ಹಾಕುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಮೂರು, ಚುಕ್ಕೆ ಮತ್ತು ಆವರಣ. ಹೈದರಾಬಾದ್ ಕರ್ನಾಟಕ 2019ರ ಸೆಪ್ಟೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕ ಆಯಿತು. ಈಗಲೂ ಹಳೆಯ ರೂಢಿಯಲ್ಲಿ #ಹೈ.ಕ ಅಂತ ಬರೆಯುವವರಿದ್ದಾರೆ. ಚುಕ್ಕೆ ಬಂದ ತಕ್ಷಣ ಟ್ಯಾಗ್ ಕತ್ತರಿಸಿ ಬರೀ "ಹೈ" ಉಳಿಯುತ್ತದೆ. ನಮ್ಮ ಭಾಗಕ್ಕೆ ಸಂವಿಧಾನದ ವಿಧಿಯಲ್ಲಿ ಸಿಕ್ಕ ಮೀಸಲಾತಿಯ ವಿಷಯಕ್ಕೆ #371(ಜೆ) ಅಂತ ಬರೆದರೆ ಆವರಣದಲ್ಲಿ ಕತ್ತರಿಸಿ 371 ಉಳಿಯುತ್ತದೆ. ಎಕ್ಸ್‌ನಲ್ಲಿ (ಅಂದರೆ ಹಿಂದಿನ ಟ್ವಿಟರ್‌ನಲ್ಲಿ) ಬರೀ ಅಂಕಿಯ ಟ್ಯಾಗ್ ಲಿಂಕ್ ಆಗುವುದೇ ಇಲ್ಲ. #371ಜೆ ಅಂತ ಬಿಡದೆ ಬರೆಯಿರಿ.

ಇವೆಲ್ಲ ನೆನಪಿಟ್ಟುಕೊಳ್ಳೋದು ಕಷ್ಟ ಅನ್ನಿಸಿದರೆ ಒಂದೇ ಪರೀಕ್ಷೆ: ಪೋಸ್ಟ್ ಹಾಕಿದ ಮೇಲೆ ನಿಮ್ಮ ಟ್ಯಾಗ್‌ಗಳನ್ನು ನೀವೇ ಒಂದೊಂದಾಗಿ ಒತ್ತಿ ನೋಡಿ. ಪೂರ್ತಿ ಪದ ನೀಲಿ ಬಣ್ಣಕ್ಕೆ ಬಂದಿದೆಯಾ? ತೆರೆದ ಪುಟದಲ್ಲಿ ನಿಮ್ಮಂಥದ್ದೇ ಪೋಸ್ಟ್‌ಗಳಿವೆಯಾ? ಬೇರೆ ಏನೋ ಬಂದರೆ ಆ ಟ್ಯಾಗ್ ಕೈಬಿಡಿ. ಅಸಹ್ಯದ್ದು ಕಂಡರಂತೂ ತಕ್ಷಣ ಎಡಿಟ್ ಮಾಡಿ ತೆಗೆಯಿರಿ.

ಲಿಪಿಯ ವಿಷಯದಲ್ಲಿ ಇನ್ನೊಂದು ಮಾತು. ಬೀದರ್ ಕಡೆ ಮರಾಠಿ, ಉರ್ದು, ತೆಲುಗು ಓದುವವರು ಸಾಕಷ್ಟು ಇದ್ದಾರೆ. ಗಿರಾಕಿ ಲಾತೂರ್‌ನವರೋ ಜಹೀರಾಬಾದ್‌ನವರೋ ಆಗಿದ್ದರೆ ವಸ್ತುವಿನ ಹೆಸರನ್ನು ಅವರ ಲಿಪಿಯಲ್ಲೂ ಒಂದು ಟ್ಯಾಗ್ ಮಾಡಿ. ಪಕ್ಕದ ಅಂಗಡಿಯವರನ್ನು ಕೇಳಿ ಸರಿಯಾದ ಅಕ್ಷರ ಬರೆಸಿಕೊಂಡರೆ ಆಯಿತು.

ನಾಲ್ಕನೇ ಹೆಜ್ಜೆ: ಎಷ್ಟು ಹಾಕಬೇಕು

ಇನ್‌ಸ್ಟಾಗ್ರಾಂ ಒಂದು ಪೋಸ್ಟ್‌ಗೆ 30ರವರೆಗೆ ಬಿಡುತ್ತಿದ್ದ ಕಾಲವಿತ್ತು. ಮಂದಿ ಮೂವತ್ತನ್ನೂ ತುಂಬಿಸುತ್ತಿದ್ದರು. 2021ರಲ್ಲಿ ಅದೇ ಸಂಸ್ಥೆ ಮೂರರಿಂದ ಐದು ಸಾಕು ಅಂತ ಸಲಹೆ ಕೊಟ್ಟಿತು. 2024ರ ಡಿಸೆಂಬರ್‌ನಲ್ಲಿ ಹ್ಯಾಶ್‌ಟ್ಯಾಗ್ ಫಾಲೋ ಮಾಡುವ ಸೌಲಭ್ಯವನ್ನೂ ತೆಗೆಯಿತು. ಐದು ಹಾಕಿ, ಜಾಸ್ತಿ ಬೇಡ. ಎಕ್ಸ್ ಮತ್ತು ಫೇಸ್‌ಬುಕ್‌ಗೆ ಒಂದೋ ಎರಡೋ. ಯೂಟ್ಯೂಬ್‌ನಲ್ಲಿ ವಿಡಿಯೊ ಹೆಸರಿನ ಬಳಿ ಮೂರು ಮಾತ್ರ ಕಾಣಿಸುತ್ತವೆ, ಮೂರೇ ಸಾಕು. ಅಲ್ಲಿ 60 ದಾಟಿದರೆ ಎಲ್ಲವನ್ನೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಖಾತೆ ಪ್ರೈವೇಟ್ ಇದ್ದರೆ ಇದ್ಯಾವುದೂ ಕೆಲಸಕ್ಕೆ ಬರುವುದಿಲ್ಲ. ನಿಮ್ಮನ್ನು ಫಾಲೋ ಮಾಡದವರಿಗೆ ಪೋಸ್ಟ್ ಕಾಣುವುದೇ ಇಲ್ಲ. ವ್ಯಾಪಾರಕ್ಕೆ ಬೇರೆ ಖಾತೆ ತೆರೆದು ಪಬ್ಲಿಕ್ ಇಡಿ. ಮನೆ ಮಕ್ಕಳ ಫೋಟೊ ಆ ಖಾತೆಗೆ ಬೇಡ.

ಐದನೇ ಹೆಜ್ಜೆ: ಕ್ಯಾಪ್ಷನ್ ಮರೆಯಬೇಡಿ

ಈಗ ಹುಡುಕಾಟದಲ್ಲಿ ಕ್ಯಾಪ್ಷನ್‌ನ ಪದಗಳಿಗೂ ಬೆಲೆ ಇದೆ. ಫೋಟೊ ಕೆಳಗೆ ಬರೀ ಹೃದಯದ ಎಮೋಜಿ ಹಾಕಿ ಟ್ಯಾಗ್ ಸುರಿದರೆ ಪ್ರಯೋಜನ ಕಡಿಮೆ. ಮೇಲೆ ಹೇಳಿದ ರೊಟ್ಟಿ ಪೋಸ್ಟನ್ನೇ ಹೀಗೆ ಬರೆದು ನೋಡಿ:

"ಕಲಬುರಗಿಯ ಖಡಕ್ ಜೋಳದ ರೊಟ್ಟಿ. ಬಿಳಿ ಜೋಳದ ಹಿಟ್ಟು, ಕೈಯಲ್ಲೇ ಬಡಿದದ್ದು. ಗಾಳಿಯಾಡದ ಡಬ್ಬಿಯಲ್ಲಿ ಇಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ ಸಿಗುತ್ತದೆ. ಬೆಂಗಳೂರು, ಪುಣೆ, ಹೈದರಾಬಾದ್‌ಗೆ ಕೊರಿಯರ್ ಇದೆ. ಬೆಲೆ ಎರಡನೇ ಫೋಟೊದಲ್ಲಿದೆ, ಆರ್ಡರ್‌ಗೆ ಮೆಸೇಜ್ ಮಾಡಿ."

ಕೆಳಗೆ #ಜೋಳದರೊಟ್ಟಿ #ಕಲಬುರಗಿ, ಆಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಜೋಳದ ರೊಟ್ಟಿ, ಕಲಬುರಗಿ, ಉತ್ತರ ಕರ್ನಾಟಕ ಫುಡ್. ಒಟ್ಟು ಐದು. ಲೊಕೇಶನ್ ಜಾಗದಲ್ಲಿ ಕಲಬುರಗಿ ಆರಿಸಿ. ಹಳೆಯ ಹೆಸರು ಬೇಕೆಂದರೆ ಟ್ಯಾಗ್ ಹೆಚ್ಚಿಸುವ ಬದಲು ಕ್ಯಾಪ್ಷನ್‌ನಲ್ಲೇ "ನಮ್ಮ ಹಳೇ ಗುಲ್ಬರ್ಗಾದ ರುಚಿ" ಅಂತ ಒಂದು ಮಾತು ಸೇರಿಸಬಹುದು. ಇಂಗ್ಲಿಷ್ ಟ್ಯಾಗ್‌ನಲ್ಲಿ ಎರಡು ಮೂರು ಪದ ಕೂಡಿದ್ದರೆ ಪ್ರತಿ ಪದದ ಮೊದಲ ಅಕ್ಷರ ದೊಡ್ಡದಾಗಿರಲಿ. ಕಣ್ಣು ಕಾಣದವರ ಫೋನ್ ಓದಿ ಹೇಳುವಾಗ ಪದಗಳು ಬಿಡಿಸಿ ಕೇಳುತ್ತವೆ. ಹುಡುಕಾಟಕ್ಕೆ ಇದರಿಂದ ಏನೂ ವ್ಯತ್ಯಾಸ ಆಗುವುದಿಲ್ಲ.

ಆರನೇ ಹೆಜ್ಜೆ: ಹಬ್ಬಕ್ಕೆ ಮುಂಚೆ ಹಾಕಿ

ಎಳ್ಳ ಅಮಾವಾಸ್ಯೆಯ ದಿನ ನಮ್ಮ ಮೂರೂ ಜಿಲ್ಲೆಗಳಲ್ಲಿ ಊರಿಗೆ ಊರೇ ಹೊಲದಲ್ಲಿರುತ್ತದೆ. ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ, ಕಡುಬು ಬುತ್ತಿ ಬಿಚ್ಚಿ ಕೂತ ಫೋಟೊಗಳು ಅವತ್ತು ಸಾಲುಸಾಲಾಗಿ ಬರುತ್ತವೆ. ಅವತ್ತೇ ನೀವು ಸಜ್ಜಿ ರೊಟ್ಟಿ ಮಾರಾಟದ ಪೋಸ್ಟ್ ಹಾಕಿದರೆ ಕೊಳ್ಳುವವರು ಯಾರೂ ಇರುವುದಿಲ್ಲ, ಎಲ್ಲರೂ ಉಣ್ಣುತ್ತಿರುತ್ತಾರೆ. ಊರಿಗೆ ಬರಲಾಗದೆ ಬೆಂಗಳೂರಿನಲ್ಲಿ ಉಳಿದವರು ಒಂದು ವಾರ ಮೊದಲೇ ಹುಡುಕುತ್ತಿರುತ್ತಾರೆ. ಕೊರಿಯರ್ ಮುಟ್ಟಲೂ ದಿನ ಬೇಕು. ಎಂಟು ಹತ್ತು ದಿನ ಮುಂಚೆ ಹಾಕಿ. ಈ ಹಬ್ಬದ ಹೆಸರನ್ನೂ ಮಂದಿ ಎಳ್ಳಮಾವಾಸ್ಯೆ, ಎಳ್ಳು ಅಮಾವಾಸ್ಯೆ, ಎಳ್ಳ ಅಮವಾಸ್ಯೆ ಅಂತ ನಾನಾ ರೀತಿ ಬರೆಯುತ್ತಾರೆ. ಹಿಂದಿನ ವರ್ಷದ ಪೋಸ್ಟ್‌ಗಳು ಯಾವ ಬರವಣಿಗೆಯಲ್ಲಿ ಜಾಸ್ತಿ ಇವೆ ಅಂತ ಹುಡುಕಿ ನೋಡಿ, ಅದನ್ನೇ ಆರಿಸಿ.

ಜಾತ್ರೆಯ ಟ್ಯಾಗ್‌ಗಳ ಲೆಕ್ಕ ಬೇರೆ. ಶರಣಬಸವೇಶ್ವರ ಜಾತ್ರೆ, ಬಂದೇ ನವಾಜ್ ಉರುಸು, ಯಾದಗಿರಿ ಬಳಿಯ ಮೈಲಾಪುರದ ಸಂಕ್ರಾಂತಿ ಜಾತ್ರೆ ಇವೆಲ್ಲ ಆ ದಿನಗಳಲ್ಲಿ ಮಂದಿ ನೋಡುವ ಟ್ಯಾಗ್‌ಗಳು. ಜಾತ್ರೆಯಲ್ಲಿ ನಿಮ್ಮ ಅಂಗಡಿ ಇದ್ದರೆ ಅವತ್ತೇ ಹಾಕಿ, ಯಾವ ಸಾಲಿನಲ್ಲಿ, ಯಾವ ಗೇಟಿನ ಬಳಿ ಅಂತ ಬರೆಯಿರಿ. ಅಂಗಡಿಯೇ ಇಲ್ಲದೆ ಸೀರೆಯ ಫೋಟೊಗೆ ಜಾತ್ರೆ ಟ್ಯಾಗ್ ಅಂಟಿಸುವುದು ಬೇಡ. ದೇವರ ದರ್ಶನದ ವಿಡಿಯೊ ನೋಡಲು ಬಂದವರಿಗೆ ನಿಮ್ಮ ಡಿಸ್ಕೌಂಟ್ ಕಂಡರೆ ಸಿಟ್ಟೇ ಬರುತ್ತದೆ.

ವ್ಯಾಪಾರ ಬಿಟ್ಟು, ಊರಿನ ಸಮಸ್ಯೆಗೆ ಪೋಸ್ಟ್ ಹಾಕುವುದಾದರೆ

ಗುಂಡಿ ಬಿದ್ದ ರಸ್ತೆ, ನಲ್ಲಿಯಲ್ಲಿ ಬಾರದ ನೀರು, ಸಮಯಕ್ಕೆ ಬಾರದ ಬಸ್ಸು. ಸಿಟ್ಟಿನಲ್ಲಿ ಹತ್ತು ಹ್ಯಾಶ್‌ಟ್ಯಾಗ್ ಹಾಕುತ್ತೇವೆ. ಹ್ಯಾಶ್‌ಟ್ಯಾಗ್‌ನಿಂದ ಯಾವ ಅಧಿಕಾರಿಯ ಫೋನೂ ಸದ್ದು ಮಾಡುವುದಿಲ್ಲ. ಸಂಬಂಧಪಟ್ಟ ಕಚೇರಿಯ ಖಾತೆಯನ್ನು @ ಹಾಕಿ ಹೆಸರಿಸಿದರೆ ಮಾತ್ರ ಅವರಿಗೆ ಸೂಚನೆ ಹೋಗುತ್ತದೆ. ಫೋಟೊ, ಬಡಾವಣೆಯ ಹೆಸರು, ಹತ್ತಿರದ ಗುರುತು, ದಿನಾಂಕ ಬರೆಯಿರಿ. ಹ್ಯಾಶ್‌ಟ್ಯಾಗ್ ಊರಿನದ್ದು ಒಂದು ಸಾಕು. ಹಲವರು ಸೇರಿ ಅಭಿಯಾನ ಮಾಡುವುದಾದರೆ ಟ್ಯಾಗ್‌ನ ಅಕ್ಷರವನ್ನು ಮೊದಲೇ ನಿರ್ಧರಿಸಿ, ಎಲ್ಲರೂ ಅದನ್ನೇ ಕಾಪಿ ಮಾಡಿ ಅಂಟಿಸಿ, ಒಂದೇ ಹೊತ್ತಿಗೆ ಹಾಕಿ. ಒಬ್ಬರು ಕಲಬುರಗಿ, ಇನ್ನೊಬ್ಬರು ಕಲ್ಬುರ್ಗಿ ಅಂತ ಬರೆದರೆ ಕೂಗು ಎರಡು ಪಾಲಾಗುತ್ತದೆ.

ಕೊನೆಯ ಹೆಜ್ಜೆ: ಲೆಕ್ಕ ನೋಡಿ

ಇನ್‌ಸ್ಟಾಗ್ರಾಂನಲ್ಲಿ ಪ್ರೊಫೆಷನಲ್ ಖಾತೆ ಮಾಡಿಕೊಂಡರೆ, ಇದಕ್ಕೆ ದುಡ್ಡಿಲ್ಲ, ಪ್ರತಿ ಪೋಸ್ಟ್‌ನ ಇನ್‌ಸೈಟ್ಸ್‌ನಲ್ಲಿ ನಿಮ್ಮನ್ನು ಫಾಲೋ ಮಾಡದವರು ಎಷ್ಟು ಮಂದಿ ನೋಡಿದರು ಅಂತ ಕಾಣುತ್ತದೆ. ಲೈಕ್ ಬಿಡಿ, ಅದನ್ನು ನೋಡಿ. ಲೈಕ್ ಕೊಡುವವರು ಹೆಚ್ಚಿನಂಶ ಅಕ್ಕ, ಅತ್ತಿಗೆ, ಕಾಲೇಜಿನ ಗೆಳತಿಯರು. ಒಂದೇ ಬಗೆಯ ಎರಡು ಫೋಟೊಗೆ ಬೇರೆ ಬೇರೆ ಟ್ಯಾಗ್ ಗುಂಪು ಹಾಕಿ, ಯಾವುದಕ್ಕೆ ಹೊಸಬರು ಬಂದರು ಹೋಲಿಸಿ. ಒಂದು ಪೋಸ್ಟ್ ನೋಡಿ ತೀರ್ಮಾನ ಮಾಡಬೇಡಿ, ನಾಲ್ಕೈದು ಸಲ ನೋಡಿ. ಮೆಸೇಜ್ ಮಾಡಿದವರನ್ನು ಎಲ್ಲಿಂದ ಬಂದಿರಿ ಅಂತ ಕೇಳುತ್ತಾ ಇರಿ. ಗೆದ್ದ ಟ್ಯಾಗ್‌ಗಳನ್ನು ಫೋನಿನ ನೋಟ್ಸ್‌ನಲ್ಲಿ ವಸ್ತುವಾರು ಬರೆದಿಡಿ: ರೊಟ್ಟಿಗೆ ಒಂದು ಸಾಲು, ಹಿಂಡಿಗೆ ಒಂದು, ಹಬ್ಬದ ಆರ್ಡರ್‌ಗೆ ಒಂದು. ಎಲ್ಲ ಪೋಸ್ಟ್‌ಗೂ ಒಂದೇ ಸಾಲನ್ನು ಕಣ್ಣು ಮುಚ್ಚಿ ಅಂಟಿಸಬೇಡಿ. ಹಿಂಡಿಯ ಫೋಟೊಗೆ ರೊಟ್ಟಿಯ ಟ್ಯಾಗ್ ಬಿದ್ದಿರುತ್ತದೆ.

"ನಮ್ಮ ಪೇಜ್‌ಗೆ ದುಡ್ಡು ಕೊಡಿ, ವೈರಲ್ ಟ್ಯಾಗ್ ಪಟ್ಟಿ ಕೊಡ್ತೀವಿ" ಅನ್ನುವ ಮೆಸೇಜ್‌ಗಳು ಬರುತ್ತವೆ. ಉತ್ತರ ಕೊಡಬೇಡಿ. ಅವರಿಗೆ ನಿಮ್ಮ ರೊಟ್ಟಿಯ ಬಗ್ಗೆ ಏನೂ ಗೊತ್ತಿರುವುದಿಲ್ಲ.

ವಾಟ್ಸ್ಆ್ಯಪ್ ಸ್ಟೇಟಸ್‌ಗೂ ಅದೇ ಪೋಸ್ಟನ್ನು ಟ್ಯಾಗ್ ಸಮೇತ ಹಾಕುವವರು ಬಹಳ. ಸ್ಟೇಟಸ್ ನೋಡುವವರ ಬಳಿ ನಿಮ್ಮ ನಂಬರ್ ಆಗಲೇ ಇದೆ. ಟ್ಯಾಗ್‌ನಿಂದ ಅಲ್ಲಿಗೆ ಹೊಸಬರು ಯಾರೂ ಬರುವುದಿಲ್ಲ. ಸ್ಟೇಟಸ್‌ಗೆ ಹಾಕುವಾಗ ಆ ಸಾಲನ್ನು ಅಳಿಸಿ, ಅದೇ ಜಾಗದಲ್ಲಿ ಬೆಲೆ ಮತ್ತು ಆರ್ಡರ್ ಕೊಡಲು ಕೊನೆಯ ದಿನ ಬರೆಯಿರಿ.